ಒಂಬತ್ತನೇ ಕೆಲಸ

ಮಾರ್ಚ್ 5, ಗುರುವಾರ

ಪ್ರೀತಿಯ ಅಕ್ಕನಿಗೆ,

ನಿನ್ನ ಪತ್ರ ಬಂದು ಇಪ್ಪತ್ತೆರಡು ದಿನವಾಯಿತು. ತಡವಾದದ್ದಕ್ಕೆ ಕೆಲಸದ ನೆಪ ಹೇಳಬಹುದು. ಕೆಲಸ ಇದ್ದದ್ದೂ ನಿಜ. ಆದರೆ ಇಷ್ಟೂ ದಿನ ನಿನ್ನ ಪತ್ರ ನಗರ ಪರಿಷತ್ತಿನ ಫೈಲುಗಳ ಮೇಲೆಯೇ ಇತ್ತು. ದಿನಾ ಅದನ್ನು ಎತ್ತಿ ಪಕ್ಕಕ್ಕಿಟ್ಟು ಕೆಳಗಿನ ಫೈಲು ತೆಗೆದುಕೊಳ್ಳುತ್ತಿದ್ದೆ. ಕ್ಷಮಿಸು. ಫೋನಿನಲ್ಲಾದರೂ ಮಾತಾಡೋಣವೆಂದರೆ ನೀನು ಎತ್ತುವುದಿಲ್ಲ. "ಫೋನಲ್ಲಿ ನೀನು ಮಾತು ತಿರುಗಿಸ್ತೀಯ ಪುಟ್ಟಿ, ಬರಿ" ಎಂದು ಬರೆದಿದ್ದೀಯ. ನಿನ್ನ ಮಗಳೂ ಅದನ್ನೇ ಹೇಳಿದಳು: "ಚಿಕ್ಕಮ್ಮ, ನಿಮ್ಮ ಹೆಸರು ಬಂದರೆ ಅಮ್ಮ ಕೈ ಹಿಂದಕ್ಕೆ ಕಟ್ಟಿಕೊಂಡು ನಿಂತುಬಿಡ್ತಾಳೆ, ನಾನೇನು ಮಾಡಲಿ?" ಸರಿ, ಬರೆಯುತ್ತೇನೆ.

ನೀನು ಮಗಳ ಮನೆಗೆ ಹೋದಾಗಿನಿಂದ ಮುಚ್ಚಿರುವ ನಿಮ್ಮ ಮನೆಗೆ ಭಾನುವಾರ ಹೋಗಿ ಕಿಟಕಿಗಳನ್ನು ತೆರೆದು ಗಾಳಿಯಾಡಿಸಿ ಬಂದೆ. ಅಡುಗೆಮನೆಯ ನಲ್ಲಿ ಸೋರುತ್ತಿತ್ತು, ವಾಷರ್ ಬದಲಾಯಿಸಿದೆ. ಪೇಪರಿನವನಿಗೆ ನಿಲ್ಲಿಸು ಎಂದು ಯಾರೂ ಹೇಳಿರಲಿಲ್ಲ. ಬಾಗಿಲ ಸಂದಿಯಿಂದ ಅವನು ತೂರಿದ ಪೇಪರುಗಳು ಒಳಗೆ ರಾಶಿ ಬಿದ್ದು ಬಾಗಿಲು ತೆಗೆಯುವುದೇ ಕಷ್ಟವಾಯಿತು. ಅವನ್ನೆಲ್ಲ ತಾರೀಖಿನ ಪ್ರಕಾರ ಜೋಡಿಸಿಟ್ಟೆ. ಯಾಕೆ ಜೋಡಿಸಿದೆ ಎಂದು ಕೇಳಬೇಡ, ಗೊತ್ತಿಲ್ಲ. ಮುಗಿಸಿ ನೋಡಿದರೆ ಎರಡು ಗಂಟೆ ಕಳೆದಿತ್ತು.

ವಾಚನಾಲಯದಲ್ಲಿ ಭಾವನ ಜಾಗಕ್ಕೆ ತಾತ್ಕಾಲಿಕವಾಗಿ ಒಬ್ಬ ಹುಡುಗಿಯನ್ನು ಹಾಕಿದ್ದಾರೆ. ಸರಿಯಾಗಿ ಎಂಟಕ್ಕೆ ತೆರೆಯುತ್ತಾಳೆ, ಪಾಪ. ಆದರೂ ಪೇಪರ್ ಓದಲು ಬರುವ ಹಿರಿಯರಿಗೆ ಸಮಾಧಾನವಿಲ್ಲ. "ಆ ಸಾಹೇಬರು ಇದ್ದಾಗ ಪದಬಂಧದ ಪುಟ ಹರಿದುಕೊಂಡು ಹೋಗೋ ಧೈರ್ಯ ಯಾರಿಗೂ ಇರಲಿಲ್ಲ. ನೀವು ಮೆಂಬರ್ರು, ಇದನ್ನೂ ಸ್ವಲ್ಪ ನೋಡಿ" ಎಂದು ಒಬ್ಬರು ನನಗೆ ಅರ್ಜಿಯನ್ನೇ ಕೊಟ್ಟರು. ಸ್ವೀಕರಿಸಿ ಸೀಲು ಹಾಕಿದೆ.

ಪರಿಷತ್ತಿನ ಸುದ್ದಿಯೆಂದರೆ, ಮೇ ತಿಂಗಳಿಗೆ ನಮ್ಮ ಅವಧಿ ಮುಗಿಯುತ್ತದೆ. ಪ್ರತಿ ಸದಸ್ಯರೂ ಒಂದು ಪುಟ ಬರೆದು ಕೊಡಬೇಕು. ಎಡಗಡೆ 'ಸಾಧನೆಗಳು', ಬಲಗಡೆ 'ಮುಂದಿನ ಆದ್ಯತೆಗಳು'. ಅದನ್ನು ಅಚ್ಚು ಹಾಕಿಸಿ ಮನೆ ಮನೆಗೆ ಹಂಚುತ್ತಾರೆ. ನಮ್ಮ ಹಿರಿಯ ಗುಮಾಸ್ತರು ಎರಡು ವಾರದಿಂದ ಅದಕ್ಕಾಗಿ ನನ್ನ ಬೆನ್ನು ಹತ್ತಿದ್ದಾರೆ. ಸ್ಟೇಪ್ಲರ್ ಎಂದು ನಾವೆಲ್ಲ ಕರೆಯುತ್ತೇವಲ್ಲ, ಅವರೇ. ಯಾವ ಕಾಗದ ಕಂಡರೂ ಇನ್ನೊಂದಕ್ಕೆ ಸೇರಿಸಿ ಪಿನ್ನು ಹೊಡೆಯುವವರು. "ಮೇಡಂ, ಬೇರೆಯವರು ಒಂದು ಸಾಧನೆಗೆ ಮೂರು ಸುಳ್ಳು ಬರೆದು ಕೊಟ್ಟಿದ್ದಾರೆ. ನಿಮಗೆ ಇರೋದನ್ನು ಬರೆಯೋಕೆ ಇಷ್ಟು ಕಷ್ಟವೇ?" ಎಂದರು.

ಬರೆಯಲು ಇದೆ ಅಕ್ಕ. ಆಸ್ಪತ್ರೆಗೆ ಹೋಗುವ ಮೊದಲ ಬಸ್ಸನ್ನು ಹದಿನೈದು ನಿಮಿಷ ಮುಂಚೆ ಹೊರಡಿಸಿದ್ದು. ದಾದಿಯರು ಈಗ ಪಾಳಿಗೆ ಓಡಿ ಬರಬೇಕಾಗಿಲ್ಲ. ಡಿಪೋದಲ್ಲಿ ಹದಿನಾಲ್ಕು ವರ್ಷ ಟೈಮ್ ಕೀಪರ್ ಆಗಿದ್ದವಳಿಗೆ ಅದು ದೊಡ್ಡ ವಿಷಯವಲ್ಲ, ಆದರೆ ಹಿಂದಿನವರು ಯಾರೂ ಮಾಡಿರಲಿಲ್ಲ. ಡಯಾಲಿಸಿಸ್ ರೋಗಿಗಳನ್ನು ಕರೆತರುವ ವ್ಯಾನು. ಮೂರು ಬೀದಿಗಳಿಗೆ ಹೊಸ ನೀರಿನ ಕೊಳವೆ. ಭಾವನ ವಾಚನಾಲಯವನ್ನು ದಿನಕ್ಕೆ ನಾಲ್ಕು ಗಂಟೆಯ ಬದಲು ಹತ್ತು ಗಂಟೆ ತೆರೆಸಿದ್ದು. ಆಗ ಭಾವ ನನಗೆ ಹೇಳಿದ್ದು ನೆನಪಿದೆಯಾ? "ಮೆಂಬರಮ್ಮ, ಜನರಿಗೆ ಒಳ್ಳೆಯದು ಮಾಡೋಕೆ ಹೋಗಿ ನನ್ನ ಮಧ್ಯಾಹ್ನದ ನಿದ್ದೆ ಕಿತ್ತುಕೊಂಡೆಯಲ್ಲ!"

ಇವೆಲ್ಲಕ್ಕಿಂತ ಮೇಲೆ, ಅಂಕದ ಪಟ್ಟಿ. ನಮ್ಮ ವಾರ್ಡಿಗೆ ರಸ್ತೆ ಗ್ಯಾಂಗು ಇರುವುದು ಒಂದೇ. ಒಂದು ವರ್ಷಕ್ಕೆ ಅವರಿಂದ ನಾಲ್ಕು ಕೆಲಸ ಆಗುತ್ತದೆ. ಮೊದಲೆಲ್ಲ ಯಾರ ಗಂಟಲು ದೊಡ್ಡದೋ ಅವರ ಬೀದಿಗೆ ರೋಲರ್ ಹೋಗುತ್ತಿತ್ತು. ನಾನು ಬಂದ ಮೇಲೆ ನಿಯಮಾವಳಿ ಬರೆದೆ. ಎಷ್ಟು ಜನ ಓಡಾಡುತ್ತಾರೆ, ಹಿಂದೆ ಎಷ್ಟು ಅಪಘಾತವಾಗಿದೆ, ಹತ್ತಿರ ಶಾಲೆ ಆಸ್ಪತ್ರೆ ಇದೆಯೇ, ಎಷ್ಟು ವರ್ಷದ ಅರ್ಜಿ, ಎಲ್ಲಕ್ಕೂ ಅಂಕ. ಅಂಕ ಕೂಡಿಸಿ ಒಂದರಿಂದ ಹತ್ತರವರೆಗೆ ಪಟ್ಟಿ. ಮೊದಲ ನಾಲ್ಕು ಆ ವರ್ಷವೇ ಆಗುತ್ತವೆ, ಉಳಿದವು ಕಾಯುತ್ತವೆ. ಈಗ ಜಿಲ್ಲೆಯ ಎಲ್ಲ ವಾರ್ಡುಗಳಲ್ಲೂ ಇದೇ ಪದ್ಧತಿ.

ನೀನು ಕೇಳಿದ್ದು ಒಂದೇ ಮಾತು: ಐಸ್ ಫ್ಯಾಕ್ಟರಿ ತಿರುವು ಆ ಪಟ್ಟಿಯಲ್ಲಿ ಎಷ್ಟನೇದಿತ್ತು?

ಒಂಬತ್ತನೇದು ಅಕ್ಕ. ಅಕ್ಟೋಬರಿನಲ್ಲಿ ಪ್ರಕಟವಾದ ಪಟ್ಟಿಯ ಪ್ರತಿಯನ್ನು ಇದರ ಜೊತೆ ಇಟ್ಟಿದ್ದೇನೆ, ನೀನೇ ನೋಡು. ಮೊದಲ ನಾಲ್ಕರಲ್ಲಿ ಮೂರನೆಯದು ಬಸ್ ನಿಲ್ದಾಣಕ್ಕೆ ತಗಡಿನ ಮಾಡು, ನಾಲ್ಕನೆಯದು ಪಾರ್ಕಿನ ಕಲ್ಲು ಬೆಂಚುಗಳು. ನಾಲ್ಕೂ ಡಿಸೆಂಬರ್ ಕೊನೆಗೆ ಮುಗಿದವು. ಜನವರಿ 19ರ ಸೋಮವಾರ ಬೆಳಿಗ್ಗೆ ಆರು ಇಪ್ಪತ್ತಕ್ಕೆ ಆ ತಿರುವಿನಲ್ಲಿ ಲಾರಿ ಭಾವನಿಗೆ ಬಡಿಯಿತು. ಜನವರಿ 30ಕ್ಕೆ, ಅಂದರೆ ಹನ್ನೊಂದು ದಿನಕ್ಕೆ, ಅಲ್ಲಿ ಮೂರು ರಸ್ತೆ ಉಬ್ಬು, ಬಿಳಿ ಪಟ್ಟೆ, ಮಿನುಗುವ ಹಳದಿ ದೀಪ ಎಲ್ಲ ಬಂದವು. ಅಧ್ಯಕ್ಷರೇ ಬಂದು ನಿಂತು ಮಾಡಿಸಿದರು. ನಾನೂ ಪಕ್ಕದಲ್ಲಿ ನಿಂತಿದ್ದೆ. ಬಿಸಿ ಟಾರಿನ ವಾಸನೆ ಬಿಟ್ಟರೆ ನನಗೆ ಆ ದಿನದ ಬೇರೇನೂ ನೆನಪಿಲ್ಲ.

ಅದನ್ನೂ ಸಾಧನೆಯ ಪುಟಕ್ಕೆ ಸೇರಿಸಬೇಕೆಂದು ಸ್ಟೇಪ್ಲರ್ ಹೇಳುತ್ತಿದ್ದಾರೆ. ನಾನಿನ್ನೂ ಏನೂ ಹೇಳಿಲ್ಲ.

ಊಟ ತಪ್ಪಿಸಬೇಡ. ಮಗಳಿಗೂ ಅಳಿಯನಿಗೂ ನನ್ನ ಆಶೀರ್ವಾದ.

ನಿನ್ನ ತಂಗಿ

ಮ.ಬ.: ಪೇಪರಿನವನಿಗೆ ನಿಲ್ಲಿಸಲು ಹೇಳಿದೆ. "ಎಷ್ಟು ದಿನಕ್ಕೆ ಮೇಡಂ?" ಎಂದು ಕೇಳಿದ. ಒಂದು ತಿಂಗಳು ಎಂದುಬಿಟ್ಟೆ.

*

ಮಾರ್ಚ್ 20, ಶುಕ್ರವಾರ

ಪ್ರೀತಿಯ ಅಕ್ಕನಿಗೆ,

ಈ ಸಲ ಒಂದು ವಾರಕ್ಕೇ ಕೂತಿದ್ದೇನೆ. ನಿನ್ನ ಕಾರ್ಡು ಹೋದ ಶುಕ್ರವಾರ ಬಂತು. ಕ್ಷೇಮವೇ ಎಂದು ಕೂಡ ಕೇಳದೆ ನೇರ ವಿಷಯಕ್ಕೆ ಬಂದಿದ್ದೀಯ. ನಮ್ಮ ಲೆಕ್ಕಪತ್ರ ಸಮಿತಿಗೆ ನಿನ್ನನ್ನು ಹಾಕಬೇಕಿತ್ತು.

ನಿನ್ನ ಮಾತುಗಳನ್ನು ಹಾಗೆಯೇ ಇಲ್ಲಿ ಬರೆದುಕೊಳ್ಳುತ್ತೇನೆ, ನಾನು ತಿರುಗಿಸಿದೆ ಎನ್ನಬಾರದು. "ಒಂಬತ್ತು ಅಂತ ನನಗೂ ಓದೋಕೆ ಬರುತ್ತೆ. ಒಂಬತ್ತು ಯಾಕೆ ಅಂತ ಹೇಳು. ಸೆಪ್ಟೆಂಬರಲ್ಲಿ ಇವರು ರಜೆ ಹಾಕಿ ನೀನು ಮಾಡಿದ ರೂಲಿನ ಪ್ರಕಾರವೇ ಮೂರು ದಿನ ಅಲ್ಲಿ ನಿಂತು ಎಣಿಸಿದ್ದರು. ಹೆಚ್ಚೆಂದರೆ ನಾಲ್ಕನೇದು, ಅದಕ್ಕಿಂತ ಕೆಳಗೆ ಹೋಗಲ್ಲ ಅಂತಿದ್ದರು. ಇನ್ನೊಂದು. ಪೊಲೀಸರ ಕಾಗದದಲ್ಲಿ 'ರಸ್ತೆ ಬದಿ ನಿಂತಿದ್ದ ವ್ಯಕ್ತಿ' ಅಂತಿದೆ. ವಾಚನಾಲಯಕ್ಕೆ ಹೊರಡೋದು ಏಳೂವರೆಗೆ. ಆ ವಾರ ಆರಕ್ಕೇ ಎದ್ದು ಹೋಗ್ತಿದ್ದರು, ಕೇಳಿದರೆ ವಾಕಿಂಗು ಅಂತಿದ್ದರು. ವಾಕಿಂಗ್ ಹೋದವರು ಅಲ್ಲಿ ಯಾಕೆ ನಿಂತಿದ್ದರು? ನಿನಗೇನಾದರೂ ಗೊತ್ತಾ?"

ಪಟ್ಟಿ ಹಾಗೆ ಬಂತು ಅಕ್ಕ. ವಾಕಿಂಗ್ ಹೋದವರು ಸುಸ್ತಾಗಿ ನಿಂತಿರಬಹುದು.

ಮಂಗಳವಾರ ಸಾಮಾನ್ಯ ಸಭೆ ಇತ್ತು. ಅದರ ಸುದ್ದಿ ಹೇಳುತ್ತೇನೆ. ಸಭಾಂಗಣದ ಏಸಿ ಕೆಟ್ಟು ಆರು ತಿಂಗಳಾಯಿತು. ರಿಪೇರಿಯ ಅರ್ಜಿ ನಮ್ಮದೇ ಕಟ್ಟಡದ ಎರಡನೇ ಮಹಡಿಯಿಂದ ಮೂರನೇ ಮಹಡಿಗೆ ಇನ್ನೂ ಹತ್ತುತ್ತಿದೆ. ಎಲ್ಲರೂ ಕಾರ್ಯಸೂಚಿಯ ಹಾಳೆಯಿಂದ ಗಾಳಿ ಬೀಸಿಕೊಳ್ಳುತ್ತಿದ್ದರು. ಶೂನ್ಯ ವೇಳೆಯಲ್ಲಿ ಅಧ್ಯಕ್ಷರು ಎದ್ದು ನಿಂತು ನನ್ನ ಹೆಸರು ಹೇಳಿದರು. ಹೋದ ತಿಂಗಳು ಪೇಪರಿನಲ್ಲಿ 'ಅಕ್ಕನ ಬೀದಿಯನ್ನೂ ಸರದಿಯಲ್ಲಿ ನಿಲ್ಲಿಸಿದ ಸದಸ್ಯೆ' ಎಂದು ಬಂದಿತ್ತಲ್ಲ, ಅದರ ತುಣುಕನ್ನು ಓದಿದರು. ನೀನು ಅದನ್ನು ನೋಡಿರಲಿಕ್ಕಿಲ್ಲ, ನೋಡದಿದ್ದರೆ ಒಳ್ಳೆಯದು.

"ಸ್ವಂತ ಭಾವನನ್ನು ಕಳೆದುಕೊಂಡರೂ ಪಟ್ಟಿಯ ಮೇಲೆ ಕೈ ಇಡದವರು ಇವರು. ಮುಂದಿನ ಅವಧಿಗೆ ಇವರು ಉಪಾಧ್ಯಕ್ಷರಾಗಬೇಕು ಅನ್ನೋದು ನನ್ನ ಅಪೇಕ್ಷೆ" ಎಂದರು.

ಹಿಂದಿನ ಸಾಲಿನಿಂದ ಮೈಕಣ್ಣ ಎದ್ದ. ಮೈಕು ಇಲ್ಲದಿದ್ದರೂ ಕೇಳಿಸುವ ನಮ್ಮ ವಿರೋಧ ಪಕ್ಷದ ಸದಸ್ಯ. "ಅಧ್ಯಕ್ಷರೇ, ಸತ್ತವರ ಹೆಸರಲ್ಲಿ ಕುರ್ಚಿ ಹಾಕೋದು ಬೇಡ. ಆ ಪಟ್ಟಿ ಅಷ್ಟು ಸರಿಯಿದ್ದರೆ ಆ ಮನುಷ್ಯ ಯಾಕೆ ಹೋದ? ನಮ್ಮ ಟೈಮ್ ಕೀಪರಮ್ಮ ಉತ್ತರ ಹೇಳಲಿ."

"ಕೂತ್ಕೊಳ್ಳಯ್ಯಾ, ಮನುಷ್ಯತ್ವ ಇದೆಯಾ ನಿನಗೆ?" ಎಂದು ನಾಲ್ಕು ಜನ ಕೂಗಿದರು.

ಅವನು ಕೂತ. ನಾನೂ ಕೂತೇ ಇದ್ದೆ. ಹತ್ತು ವರ್ಷದಲ್ಲಿ ಅವನು ಕೇಳಿದ ಸರಿಯಾದ ಪ್ರಶ್ನೆ ಅದೊಂದೇ ಇರಬೇಕು. ಉತ್ತರ ಹೇಳಬೇಕಿತ್ತು, ಹೇಳಲಿಲ್ಲ. ದುಃಖದಿಂದ ಗಂಟಲು ಕಟ್ಟಿತು ಎಂದು ಪಕ್ಕದ ಸದಸ್ಯೆ ನೀರು ಕೊಟ್ಟಳು. ಗಂಟಲು ಸರಿಯಾಗಿಯೇ ಇತ್ತು.

ಸಭೆ ಮುಗಿದ ಮೇಲೆ ಸ್ಟೇಪ್ಲರ್ ನನ್ನನ್ನು ದಾಖಲೆ ಕೋಣೆಯ ಹತ್ತಿರ ನಿಲ್ಲಿಸಿದರು. ಅವಧಿ ಮುಗಿಯುವ ಮುಂಚೆ ಹಳೆಯ ಕಾಗದಗಳನ್ನೆಲ್ಲ ಕಟ್ಟು ಕಟ್ಟಿ ಒಳಗೆ ಹಾಕುತ್ತಾರೆ. ಅವರ ಕೈಯಲ್ಲಿ ಹೋದ ವರ್ಷದ ಅಂಕದ ಕರಡು ಇತ್ತು. ಪಟ್ಟಿ ಪ್ರಕಟಿಸುವ ಮುಂಚೆ ನಾವು ಪೆನ್ಸಿಲ್ಲಿನಲ್ಲಿ ಕೂಡಿಸುವ ಹಾಳೆ ಅದು.

"ಮೇಡಂ, ಇದನ್ನು ಪಟ್ಟಿಯ ಜೊತೆ ಪಿನ್ನು ಹೊಡೀಲಾ, ಬೇಡವಾ?"

"ಪದ್ಧತಿ ಏನು?"

"ಪದ್ಧತಿ ಅಂದರೆ ಹೊಡೀಬೇಕು. ಆದರೆ ಕರಡು ಕೆಲವು ಸಲ ಕಳೆದುಹೋಗೋದೂ ಇದೆ. ಇಲಿ ಕಾಟ ಜಾಸ್ತಿ ಇಲ್ಲಿ." ನನ್ನ ಮುಖ ನೋಡದೆ ಹೇಳಿದರು. ಒಳ್ಳೆಯ ಮನುಷ್ಯ. ಮೂವತ್ತೊಂದು ವರ್ಷದ ಸರ್ವೀಸಿನಲ್ಲಿ ಒಂದು ಕಾಗದವನ್ನೂ ಕಳೆದವರಲ್ಲ.

"ನಾಳೆ ಹೇಳ್ತೀನಿ" ಎಂದೆ. ಆ ನಾಳೆಯಾಗಿ ಎರಡು ದಿನವಾಯಿತು.

ನಮ್ಮ ಮನೆಯವರು ನನ್ನ ಕಣ್ಣು ಪರೀಕ್ಷೆ ಮಾಡಿದರು. ಕನ್ನಡಕದ ಅಂಗಡಿಯವರ ಹೆಂಡತಿಗೆ ಓದಿದ ಸಾಲನ್ನೇ ಮತ್ತೆ ಓದುವ ಕಾಯಿಲೆ ಬಂದರೆ ಅವರಿಗೆ ಅವಮಾನವಂತೆ. ಕಣ್ಣಿನಲ್ಲಿ ಏನೂ ತೊಂದರೆಯಿಲ್ಲ. "ನಿನ್ನೆ ನೀನು ಕನ್ನಡಿ ಮುಂದೆ ನಿಂತು ತಲೆ ಬಾಚ್ತಾ ಇದ್ದೆ. ಕೈಯಲ್ಲಿ ಬಾಚಣಿಗೆ ಇರಲಿಲ್ಲ" ಎಂದರು. ನನಗೆ ಗೊತ್ತೇ ಆಗಿರಲಿಲ್ಲ. ಅಳು ಬರುತ್ತದೆಯೇ ಎಂದು ಅವರು ಕೇಳುತ್ತಾರೆ, ಇಲ್ಲ ಎಂದು ನಿಜವನ್ನೇ ಹೇಳುತ್ತೇನೆ. ಕಾಲು ಮಡಚಿ ಬಹಳ ಹೊತ್ತು ಕೂತಾಗ ಅದು ನಮ್ಮದಲ್ಲ ಎನ್ನಿಸುವುದಿಲ್ಲವೇ, ಹಾಗಿದೆ. ನಡೆಯಬಹುದು, ನಡೆಯುತ್ತಲೂ ಇದ್ದೇನೆ.

ನಿನ್ನ ಎರಡು ಪ್ರಶ್ನೆಗಳಿಗೆ ಮೇಲೆ ಕೊಟ್ಟದ್ದು ಉತ್ತರವಲ್ಲ ಎಂದು ನನಗೆ ಗೊತ್ತು. ಆ ಎರಡು ಸಾಲು ಹೊಡೆದು ಹಾಕೋಣವೆಂದುಕೊಂಡೆ. ಹೊಡೆದು ಹಾಕಿದರೂ ನೀನು ಬೆಳಕಿಗೆ ಹಿಡಿದು ಓದುತ್ತೀಯ. ಸ್ವಲ್ಪ ಸಮಯ ಕೊಡು.

ಬಿಸಿಲು ಹೆಚ್ಚಿದೆ, ಮಧ್ಯಾಹ್ನ ಹೊರಗೆ ಹೋಗಬೇಡ. ನಿಮ್ಮೆಲ್ಲರಿಗೂ ಒಳ್ಳೆಯದಾಗಲಿ.

ನಿನ್ನ ತಂಗಿ

ಮ.ಬ.: ಉಪಾಧ್ಯಕ್ಷ ಸ್ಥಾನದ ವಿಷಯ ನಾನಾಗಿ ಕೇಳಿದ್ದಲ್ಲ. ಬೇಡವೆಂದೂ ಇನ್ನೂ ಹೇಳಿಲ್ಲ.

*

ಏಪ್ರಿಲ್ 6, ಸೋಮವಾರ

ಪ್ರೀತಿಯ ಅಕ್ಕನಿಗೆ,

ಹದಿನೇಳು ದಿನವಾಯಿತು. ಈ ಮಧ್ಯೆ ನಿನ್ನಿಂದ ಪತ್ರವಿಲ್ಲ. ನನ್ನ ಉತ್ತರಕ್ಕಾಗಿ ಕಾಯುತ್ತಿದ್ದೀಯ ಎಂದು ಗೊತ್ತು. ಮೊನ್ನೆ ಮಗಳು ಫೋನ್ ಮಾಡಿದ್ದಳು. "ಅಮ್ಮ ದಿನಾ ಮಧ್ಯಾಹ್ನ ಗೇಟಿನ ಹತ್ತಿರ ನಿಂತು ಪೋಸ್ಟ್‌ಮ್ಯಾನಿಗೆ ಕಾಯ್ತಾಳೆ ಚಿಕ್ಕಮ್ಮ. ಅವರೂ ಹೆದರಿಕೊಂಡು ದೂರದಿಂದಲೇ ಕೈ ಆಡಿಸಿ 'ಇಲ್ಲ' ಅಂದುಬಿಡ್ತಾರೆ" ಎಂದಳು. ತಡವಾದದ್ದಕ್ಕೆ ಈ ಸಲ ನೆಪ ಹೇಳುವುದಿಲ್ಲ.

ಒಂಬತ್ತು ಯಾಕೆ ಎಂದು ನೀನು ಕೇಳಿದ್ದೆ. ಹೇಳುತ್ತೇನೆ.

ಅಂಕ ಕೂಡಿಸಿದಾಗ ಐಸ್ ಫ್ಯಾಕ್ಟರಿ ತಿರುವು ಮೂರನೆಯದಾಗಿ ಬಂದಿತ್ತು. ನೂರಕ್ಕೆ ಎಪ್ಪತ್ತೊಂದು. ಬಸ್ ನಿಲ್ದಾಣದ ಮಾಡಿಗಿಂತ ಆರು ಅಂಕ ಹೆಚ್ಚು. ಭಾವ ಎಣಿಸಿ ಬರೆದುಕೊಟ್ಟಿದ್ದು ಅಷ್ಟು ಅಚ್ಚುಕಟ್ಟಾಗಿತ್ತು. ಸೈಕಲ್ಲು ಬೇರೆ, ನಡೆದು ಹೋಗುವವರು ಬೇರೆ, ಶಾಲೆಯ ಮಕ್ಕಳು ಬೇರೆ, ಐಸ್ ಫ್ಯಾಕ್ಟರಿಯ ಪಾಳಿಯವರು ಬೇರೆ. ಎಂಜಿನಿಯರು ಅದನ್ನು ನೋಡಿ "ಇವರನ್ನು ನಮ್ಮ ಆಫೀಸಿಗೆ ಕೊಡಿ ಮೇಡಂ, ನಮ್ಮಲ್ಲಿರೋ ಇಬ್ಬರನ್ನು ವಾಚನಾಲಯಕ್ಕೆ ಕಳಿಸ್ತೀನಿ" ಎಂದು ತಮಾಷೆ ಮಾಡಿದರು. ಅವರು ಹೋದ ಮೇಲೆ ನಾನು ಕರಡನ್ನು ಮತ್ತೊಮ್ಮೆ ನೋಡಿದೆ. ಅರ್ಜಿದಾರರು: ಭಾವ. ಬೀದಿ: ನಿನ್ನದು. ಸಹಿ ಮಾಡುವವಳು: ನಾನು. ಇದನ್ನು ಮೈಕಣ್ಣನ ಕೈಗೆ ಕೊಟ್ಟರೆ ಏನಾಗುತ್ತದೆ ಎಂದು ಯೋಚಿಸಿದೆ. 'ಪಟ್ಟಿ ಕಂಡುಹಿಡಿದವಳು ಮೊದಲು ಅಕ್ಕನ ಮನೆ ಮುಂದೆ ದೀಪ ಹಾಕಿಸಿಕೊಂಡಳು' ಎನ್ನುತ್ತಾನೆ. ಪದ್ಧತಿಯೇ ಹೋಗುತ್ತದೆ ಎಂದುಕೊಂಡೆ. ರಬ್ಬರಿನಿಂದ ಅಳಿಸಿ ಒಂಬತ್ತಕ್ಕೆ ಬರೆದೆ. ಹೀಗೆ ಐದನೆಯದಾಗಿದ್ದ ಕಲ್ಲು ಬೆಂಚು ನಾಲ್ಕಕ್ಕೆ ಬಂತು.

ಹಾಗೆ ಮಾಡಬೇಕಾದ ಅಗತ್ಯವೇ ಇರಲಿಲ್ಲ ಅಕ್ಕ. ಸಂಬಂಧಿಕರ ಕೆಲಸ ಬಂದರೆ ಸದಸ್ಯರು ಸಭೆಗೆ ತಿಳಿಸಿ ಹೊರಗೆ ಹೋಗಬೇಕು, ಉಳಿದವರು ತೀರ್ಮಾನ ಮಾಡುತ್ತಾರೆ ಎಂದು ನಿಯಮವಿದೆ. ಹತ್ತು ನಿಮಿಷದ ಕೆಲಸ. ಹೊರಗಿನ ಬೆಂಚಿನ ಮೇಲೆ ಕೂತಿದ್ದರೆ ಆಗುತ್ತಿತ್ತು. ಆ ಹತ್ತು ನಿಮಿಷದಲ್ಲಿ ನನ್ನ ಹೆಸರು ಅವರ ಬಾಯಲ್ಲಿ ಬರುವುದು ನನಗೆ ಬೇಕಿರಲಿಲ್ಲ.

ಸ್ಟೇಪ್ಲರಿಗೆ ಪಿನ್ನು ಹೊಡೆಯಿರಿ ಎಂದು ಹೇಳಿದೆ. ಗುರುವಾರದ ಸಭೆಯಲ್ಲಿ ಎದ್ದು ನಿಂತು ಕರಡನ್ನು ಎಲ್ಲರ ಮುಂದೆ ಓದಿದೆ. ಮೂರು ಎಂಬಲ್ಲಿ ಮೂರು ಎಂದೇ ಓದಿದೆ.

ಅಧ್ಯಕ್ಷರು ಕನ್ನಡಕ ತೆಗೆದು ಕೇಳಿದರು. "ಅಂದರೆ ಮೇಡಂ, ಮೂರನೇ ಸ್ಥಾನಕ್ಕೆ ಅರ್ಹತೆ ಇದ್ದರೂ ನಿಮ್ಮವರದು ಅಂತ ನೀವೇ ಕೆಳಗೆ ಹಾಕಿದಿರಾ?"

"ಹೌದು."

"ಯಾರೂ ಹೇಳದೆ?"

"ಯಾರೂ ಹೇಳದೆ. ಇದು ನಿಯಮಭಂಗ. ಹಾಗೆಂದೇ ನಡಾವಳಿಯಲ್ಲಿ ದಾಖಲಾಗಬೇಕು. ಅದು ಮೂರರಲ್ಲೇ ಇದ್ದಿದ್ದರೆ ಡಿಸೆಂಬರಿನಲ್ಲಿ ಅಲ್ಲಿ ಉಬ್ಬು ಬಂದಿರುತ್ತಿತ್ತು."

ಆಮೇಲೆ ಮೈಕಣ್ಣ ಎದ್ದ. ಈಗ ಬೈಯುತ್ತಾನೆ ಎಂದುಕೊಂಡೆ. ಅದಕ್ಕೆ ತಯಾರಾಗಿಯೇ ನಿಂತಿದ್ದೆ. ನಿಜ ಹೇಳಬೇಕೆಂದರೆ ಅದಕ್ಕಾಗಿಯೇ ನಿಂತಿದ್ದೆ.

"ಅಧ್ಯಕ್ಷರೇ, ಹತ್ತು ವರ್ಷ ಈ ಅಮ್ಮನ ಜೊತೆ ಜಗಳ ಆಡಿದ್ದೀನಿ. ಇವತ್ತು ಕೈ ಮುಗೀತೀನಿ. ನಾವೆಲ್ಲ ಮಾವನ ಮನೆ ಮುಂದೆ ಮೊದಲು ಟಾರು ಹಾಕಿಸಿಕೊಂಡವರು. ಇವರು ಮನೆ ಬಾಗಿಲಿಗೆ ಬಂದ ಟಾರನ್ನು ವಾಪಸ್ ಕಳಿಸಿದವರು!"

ಚಪ್ಪಾಳೆ ಬಿತ್ತು ಅಕ್ಕ. ಮೊದಲು ಹಿಂದಿನ ಸಾಲು, ಆಮೇಲೆ ಎಲ್ಲರೂ. ಕೆಲವರು ಎದ್ದೂ ನಿಂತರು. ಪಕ್ಕದ ಸದಸ್ಯೆ ಕಣ್ಣೊರೆಸಿಕೊಂಡಳು. ನಾನು "ಇಲ್ಲ, ಕೇಳಿ" ಎಂದೆ, ಕೇಳಿಸಲಿಲ್ಲ.

ಸ್ಟೇಪ್ಲರ್ ಪೆನ್ನು ಹಿಡಿದು ಕಾಯುತ್ತಿದ್ದರು. "ಸಾರ್, ನಿಯಮಭಂಗ ಅಂತ ಬರೀಲಾ?"

"ಏನ್ರೀ ನೀವು! ಪ್ರಶಂಸೆ ಅಂತ ಬರೀರಿ" ಎಂದರು ಅಧ್ಯಕ್ಷರು.

'ಸದಸ್ಯೆಯವರ ನಿಸ್ವಾರ್ಥ ನಡೆಯನ್ನು ಸಭೆ ಒಕ್ಕೊರಲಿನಿಂದ ಪ್ರಶಂಸಿಸಿತು' ಎಂದು ದಾಖಲಾಗಿದೆ. ಶನಿವಾರದ ಪೇಪರಿನಲ್ಲೂ ಬಂತು, ಎರಡನೇ ಪುಟ, ಎರಡು ಕಾಲಂ. ವರದಿಗಾರ ಎಪ್ಪತ್ತೊಂದನ್ನು ಹದಿನೇಳು ಎಂದು ಬರೆದಿದ್ದಾನೆ. ತಿದ್ದುಪಡಿ ಹಾಕಿ ಎಂದು ಫೋನ್ ಮಾಡಿ ಹೇಳಿದೆ. "ಅದರಿಂದ ಏನಾಗಬೇಕು ಮೇಡಂ, ನಿಮಗೆ ಒಳ್ಳೆಯ ಹೆಸರೇ ಬಂದಿದೆಯಲ್ಲ" ಎಂದ.

ಮುಂದಿನ ಅವಧಿಗೆ ನಿಲ್ಲುವುದಿಲ್ಲ ಎಂದು ಬರೆದುಕೊಟ್ಟಿದ್ದೇನೆ. ಅದನ್ನೂ ತ್ಯಾಗ ಎನ್ನುತ್ತಿದ್ದಾರೆ. ಸಾಧನೆಯ ಪುಟದಲ್ಲಿ ಬಸ್ಸು, ವ್ಯಾನು, ನೀರು, ವಾಚನಾಲಯ ಇಷ್ಟು ಬರೆದೆ. ಉಬ್ಬು ಬರೆಯಲಿಲ್ಲ, ಅಂಕದ ಪಟ್ಟಿಯನ್ನೂ ಬರೆಯಲಿಲ್ಲ. ಆದ್ಯತೆಗಳ ಕಡೆ ಖಾಲಿ ಬಿಟ್ಟೆ. "ಖಾಲಿ ಅಚ್ಚಾಗಲ್ಲ ಮೇಡಂ, ಪ್ರೆಸ್ಸಿನವರು ವಾಪಸ್ ಕಳಿಸ್ತಾರೆ" ಎಂದು ಸ್ಟೇಪ್ಲರ್ ತಾವೇ 'ಜನಸೇವೆ' ಎಂದು ತುಂಬಿದರು. ಇರಲಿ ಎಂದೆ.

ಶನಿವಾರ ಪಾರ್ಕಿನ ಕಡೆ ಹೋಗಿದ್ದೆ. ಬೆಂಚುಗಳು ಚೆನ್ನಾಗಿಯೇ ಇವೆ. ಆಸ್ಪತ್ರೆಯಿಂದ ಬಂದ ಗರ್ಭಿಣಿ ಹೆಂಗಸೊಬ್ಬಳು ಕೂತು ನೀರು ಕುಡಿಯುತ್ತಿದ್ದಳು. "ಕೂತ್ಕೊಳ್ಳಿ, ಜಾಗ ಇದೆ" ಎಂದು ಸರಿದಳು. ಕೂತೆ. ಸ್ವಲ್ಪ ಹೊತ್ತಾದ ಮೇಲೆ ಅವಳು ಎದ್ದು ಹೋದಳು. ಕಲ್ಲು ಬಿಸಿಲಿಗೆ ಕಾದಿತ್ತು, ಸುಡುತ್ತಿತ್ತು ಎಂದು ನನಗೆ ಮನೆಗೆ ಬಂದ ಮೇಲೆ ತಿಳಿಯಿತು.

ನಿನಗೆ ಬರೆಯುವುದು ಇಷ್ಟೇ ಎಂದುಕೊಂಡು ಕೂತೆ. ನನ್ನನ್ನು ಕ್ಷಮಿಸು ಎಂದು ಕೇಳುವುದಿಲ್ಲ. ಗುರುವಾರದಿಂದ ಬಹಳ ಜನ ಕೇಳದೆಯೇ ಕ್ಷಮಿಸಿದ್ದಾರೆ, ಅದರ ರುಚಿ ಗೊತ್ತಾಗಿದೆ. ಬೈದು ಬರೆದರೆ ಓದುತ್ತೇನೆ. ಬರೆಯದಿದ್ದರೂ ಭಾನುವಾರ ಹೋಗಿ ಕಿಟಕಿ ತೆರೆದು ಬರುತ್ತೇನೆ. ನಿನ್ನ ಆರೋಗ್ಯ ನೋಡಿಕೋ. ಮಕ್ಕಳು ಚೆನ್ನಾಗಿರಲಿ.

ನಿನ್ನ ತಂಗಿ

ಮ.ಬ.: ಲಕೋಟೆ ಅಂಟಿಸಿದ್ದೆ, ಮತ್ತೆ ಬಿಡಿಸಿದೆ. ನಿನ್ನ ಎರಡನೇ ಪ್ರಶ್ನೆ ಉಳಿದಿದೆ. ಇದನ್ನು ಸಭೆಯಲ್ಲಿ ಹೇಳಿಲ್ಲ, ಮನೆಯವರಿಗೂ ಹೇಳಿಲ್ಲ.

ಜನವರಿ 13ರ ಮಂಗಳವಾರ ಸಂಜೆ ಭಾವ ನಮ್ಮ ಮನೆಗೆ ಬಂದಿದ್ದರು. ಹೊಸ ವರ್ಷದ ಪಟ್ಟಿಗೆ ಅರ್ಜಿ ತೆಗೆದುಕೊಳ್ಳಲು ಆಗಷ್ಟೇ ಶುರುವಾಗಿತ್ತು. "ಮೆಂಬರಮ್ಮ, ತಗಾದೆ ಮಾಡೋಕೆ ಬಂದಿಲ್ಲ. ನಾನು ಎಲ್ಲಿ ತಪ್ಪಿದೆ ಅಂತ ತಿಳಿದುಕೊಳ್ಳೋಕೆ ಬಂದೆ. ನನ್ನ ಲೆಕ್ಕದಲ್ಲಿ ಅದು ಒಂಬತ್ತಕ್ಕೆ ಹೋಗಬಾರದಿತ್ತಲ್ಲ?" ಎಂದರು. ಆಗಲೂ ಹೇಳಬಹುದಿತ್ತು. "ನಿಮ್ಮ ಎಣಿಕೆ ಸಾಲದು ಭಾವ. ಮೂರು ದಿನದ್ದು ಲೆಕ್ಕಕ್ಕೆ ಹಿಡಿಯಲ್ಲ, ಏಳು ದಿನ ಬೇಕು" ಎಂದೆ. ಅವರು ಒಂದು ಮಾತೂ ವಾದಿಸಲಿಲ್ಲ. "ಹೌದಾ? ಹಾಗಾದರೆ ನನ್ನದೇ ತಪ್ಪು. ನೀನು ಹೇಳಿದ ಮೇಲೆ ಮುಗೀತು. ನಾಳೆಯಿಂದ ಮತ್ತೆ ನಿಲ್ತೀನಿ, ವಾಚನಾಲಯ ತೆರೆಯೋಕೆ ಮುಂಚೆ. ನಿಮ್ಮಕ್ಕನಿಗೆ ಹೇಳಬೇಡ, ಈ ಚಳೀಲಿ ಮತ್ತೆ ಶುರು ಮಾಡಿದಿರಾ ಅಂತ ಬೈತಾಳೆ" ಎಂದು ನಕ್ಕು ಹೋದರು.

ಬುಧವಾರದಿಂದ ನಿಂತರು. ಸೋಮವಾರ ಆರನೇ ದಿನ. ಏಳು ದಿನ ಎಂಬ ನಿಯಮ ಇಲ್ಲ ಅಕ್ಕ. ನಿಯಮಾವಳಿ ಬರೆದವಳು ನಾನು. ಅದರಲ್ಲಿ ಮೂರು ದಿನ ಎಂದೇ ಇದೆ.